ಚೌತಿಯಿಂದ ದೀಪಾವಳಿವರೆಗಿನ ಪೋಸ್ಟ್‌ಗಳನ್ನು ಮುಂಚೆಯೇ ಶೆಡ್ಯೂಲ್ ಮಾಡಿಡುವುದು: ಯಾವುದರಲ್ಲಿ, ಹೇಗೆ, ಎಲ್ಲಿ ಕೈಕೊಡುತ್ತದೆ?

ಸಂಡಿಗೆ_ಸಾಗರ

ಮನೆ ತಯಾರಿಕೆಯ ಹಪ್ಪಳ, ಸಂಡಿಗೆ, ಚಟ್ನಿಪುಡಿ, ಚಕ್ಕುಲಿ ವ್ಯಾಪಾರ. ಕೆಲಸಕ್ಕೆ ಇಬ್ಬರು. ಫೇಸ್‌ಬುಕ್ ಪೇಜ್, ಇನ್‌ಸ್ಟಾಗ್ರಾಂ ಬಿಸಿನೆಸ್ ಖಾತೆ, ವಾಟ್ಸ್ಯಾಪ್ ಬಿಸಿನೆಸ್ ಮೂರೂ ಇವೆ. ಹಬ್ಬದ ಸಾಲಿನಲ್ಲಿ ಬಾಣಲೆ ಮುಂದೆ ನಿಂತವರಿಗೆ ಫೋನ್ ಹಿಡಿಯಲು ಪುರುಸೊತ್ತಿರುವುದಿಲ್ಲ. ಹಾಗಾಗಿ ವಾರಕ್ಕೊಮ್ಮೆ ಕೂತು ಎಲ್ಲ ಪೋಸ್ಟ್ ಹಾಕಿಡುವ ಯೋಚನೆ.

ದುಡ್ಡು ಕೊಟ್ಟು ಟೂಲ್ ತಗೊಳ್ಳಬೇಕಾ, ಪುಕ್ಕಟೆಯದು ಸಾಕಾ? ಎಷ್ಟು ದಿನ ಮುಂಚೆ ಹಾಕಿಡಬಹುದು? ಶೆಡ್ಯೂಲ್ ಮಾಡಿದರೆ ರೀಚ್ (ಪೋಸ್ಟ್ ತಲುಪುವ ಜನರ ಸಂಖ್ಯೆ) ಬೀಳುತ್ತದೆ ಅನ್ನುತ್ತಾರಲ್ಲ, ನಿಜವಾ? ವಾಟ್ಸ್ಯಾಪ್ ಸ್ಟೇಟಸ್‌ಗೂ ಈ ಸೌಲಭ್ಯ ಇದೆಯಾ?

ಪ್ಲ್ಯಾನರ್_ಪಟ್ಟಿ

ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡಕ್ಕೇ ಆದರೆ ಅವುಗಳ ಕಂಪನಿ ಮೆಟಾದ್ದೇ ಟೂಲ್ ಮೆಟಾ ಬಿಸಿನೆಸ್ ಸೂಟ್ ಸಾಕು, ಒಂದು ಪೈಸೆ ಖರ್ಚಿಲ್ಲ. ಮೊದಲು ಇನ್‌ಸ್ಟಾಗ್ರಾಂ ಖಾತೆ ಪ್ರೊಫೆಷನಲ್ (ಬಿಸಿನೆಸ್ ಅಥವಾ ಕ್ರಿಯೇಟರ್) ಆಗಿದೆಯೇ, ಅದು ನಿಮ್ಮ ಪೇಜ್‌ಗೆ ಜೋಡಣೆಯಾಗಿದೆಯೇ ನೋಡಿಕೊಳ್ಳಿ. ಜೋಡಣೆ ಇಲ್ಲದಿದ್ದರೆ ಪೋಸ್ಟ್ ಬರೆಯುವ ಜಾಗದಲ್ಲಿ ಇನ್‌ಸ್ಟಾಗ್ರಾಂ ಹೆಸರೇ ಕಾಣಿಸುವುದಿಲ್ಲ.

ಕಂಪ್ಯೂಟರ್‌ನಲ್ಲಿ ಮಾಡುವುದೇ ಲೇಸು. ಬಿಸಿನೆಸ್ ಸೂಟ್ ತೆರೆದು ಎಡಗಡೆ ಪ್ಲ್ಯಾನರ್ ಒತ್ತಿ. ತಿಂಗಳ ಕ್ಯಾಲೆಂಡರ್ ಬರುತ್ತದೆ. ಕ್ರಿಯೇಟ್ ಪೋಸ್ಟ್ ಒತ್ತಿ ಪೇಜ್, ಇನ್‌ಸ್ಟಾಗ್ರಾಂ ಎರಡಕ್ಕೂ ಟಿಕ್ ಹಾಕಿ, ಚಿತ್ರ ಸೇರಿಸಿ. ಬರಹ ಹಾಕುವಾಗ ಎರಡಕ್ಕೂ ಬೇರೆ ಬೇರೆ ಬರೆಯುವ ಕಸ್ಟಮೈಸ್ ಆಯ್ಕೆ ಇದೆ, ಅದನ್ನು ಬಿಡಬೇಡಿ. ಫೇಸ್‌ಬುಕ್ ಬರಹದಲ್ಲಿ ಲಿಂಕ್ ಒತ್ತಿದರೆ ತೆರೆದುಕೊಳ್ಳುತ್ತದೆ. ಇನ್‌ಸ್ಟಾಗ್ರಾಂ ಬರಹದಲ್ಲಿ ಅದೇ ಲಿಂಕ್ ಸತ್ತ ಅಕ್ಷರವಾಗಿ ಕೂತಿರುತ್ತದೆ. ಅಲ್ಲಿ ‘ಲಿಂಕ್ ಬಯೋದಲ್ಲಿದೆ’ ಎಂದು ಬರೆದು ಬಯೋದಲ್ಲಿ ಹಾಕಬೇಕು, ಅಲ್ಲಿ 5 ಲಿಂಕ್‌ವರೆಗೆ ಅವಕಾಶ. ಕೊನೆಗೆ ಸೆಟ್ ಡೇಟ್ ಅಂಡ್ ಟೈಮ್, ಶೆಡ್ಯೂಲ್.

ಮಿತಿ ಹೀಗಿದೆ: ಕನಿಷ್ಠ 20 ನಿಮಿಷ ಮುಂಚೆ, ಗರಿಷ್ಠ 75 ದಿನ ಮುಂಚೆ. ಈ 75 ದಿನದ ಲೆಕ್ಕ ಹಬ್ಬಕ್ಕೆ ಮುಖ್ಯ. 2026ರ ಗಣೇಶ ಚೌತಿ ಸೆಪ್ಟೆಂಬರ್ 14ಕ್ಕೆ, ಆ ದಿನದ ಪೋಸ್ಟನ್ನು ಜುಲೈ 1ಕ್ಕಿಂತ ಮೊದಲು ಒಳಗೆ ಹಾಕಲು ಬರುವುದಿಲ್ಲ. ನರಕ ಚತುರ್ದಶಿ ನವೆಂಬರ್ 8ಕ್ಕೆ, ಅದಕ್ಕೆ ಆಗಸ್ಟ್ 25ರ ನಂತರವೇ ದಾರಿ. ಅದಕ್ಕೂ ಮೊದಲೇ ಬರೆದಿಟ್ಟಿದ್ದರೆ ಡ್ರಾಫ್ಟ್ ಆಗಿ ಉಳಿಸಿ.

ಇನ್‌ಸ್ಟಾಗ್ರಾಂ ಆ್ಯಪ್‌ನೊಳಗೂ ಶೆಡ್ಯೂಲ್ ಇದೆ. ಬರಹ ಹಾಕುವ ಪುಟದಲ್ಲಿ ಮೋರ್ ಆಪ್ಷನ್ಸ್ ಒತ್ತಿದರೆ ಸಿಗುತ್ತದೆ. ಅಲ್ಲೂ 75 ದಿನ, ದಿನಕ್ಕೆ 25 ಪೋಸ್ಟ್. ಆದರೆ ಒಂದೇ ಕ್ಯಾಲೆಂಡರ್‌ನಲ್ಲಿ ಎಲ್ಲ ನೋಡುವ ಅನುಕೂಲ ಅಲ್ಲಿಲ್ಲ. ಅರ್ಧ ಅಲ್ಲಿ ಅರ್ಧ ಇಲ್ಲಿ ಹಾಕಿದರೆ ಯಾವುದು ಎಲ್ಲಿದೆ ಎಂದು ಹುಡುಕುವುದೇ ಕೆಲಸವಾಗುತ್ತದೆ.

ಕಟ್ಟೆಪುರಾಣ

ಬಫರ್ ಎಂಬ ಶೆಡ್ಯೂಲ್ ಟೂಲ್ ಕೂಡ ಇದೆಯಲ್ಲ. ಅದರ ಉಚಿತ ಯೋಜನೆಯಲ್ಲಿ 3 ಖಾತೆ, ಪ್ರತಿ ಖಾತೆಯ ಸರದಿಯಲ್ಲಿ ಒಮ್ಮೆಗೆ 10 ಪೋಸ್ಟ್. ಒಂದು ಹೊರಟರೆ ಇನ್ನೊಂದಕ್ಕೆ ಜಾಗ. ವಾರಕ್ಕೆ 4 ಪೋಸ್ಟ್ ಹಾಕುವವರಿಗೆ ಎರಡೂವರೆ ವಾರದ ದಾಸ್ತಾನು ಆಯಿತು. ಗೂಗಲ್ ಬಿಸಿನೆಸ್ ಪ್ರೊಫೈಲ್, ಲಿಂಕ್ಡ್‌ಇನ್ ಮುಂತಾದವನ್ನೂ ಅದಕ್ಕೆ ಜೋಡಿಸಬಹುದು. ಅಂಥದೇ ಇನ್ನೊಂದು ಟೂಲ್ ಹೂಟ್‌ಸೂಟ್‌ನ ಉಚಿತ ಯೋಜನೆ 2023ರಲ್ಲೇ ನಿಂತುಹೋಯಿತು. ಹಳೆಯ ವಿಡಿಯೊ ನೋಡಿ ಅದನ್ನು ಹುಡುಕಬೇಡಿ.

ಪ್ಲ್ಯಾನರ್_ಪಟ್ಟಿ

ಬಫರ್ ಬೇಡ ಅನ್ನುವುದಿಲ್ಲ. ಆದರೆ ಹೊರಗಿನ ಯಾವ ಟೂಲ್ ಆದರೂ ಇನ್‌ಸ್ಟಾಗ್ರಾಂ ಒಳಗೆ ಹೋಗುವುದು ಹೊರಗಿನ ಆ್ಯಪ್‌ಗಳಿಗೆಂದು ಮೆಟಾ ಕೊಟ್ಟ ‘ಎಪಿಐ’ ಎಂಬ ಬಾಗಿಲಿನಿಂದ. ಆ ಬಾಗಿಲು ಚಿಕ್ಕದು. ಫೋಟೊ ಜೆಪೆಗ್ ಆಗಿರಬೇಕು, 8 ಎಂಬಿ ಮೀರಬಾರದು. ಆ್ಯಪ್‌ನಲ್ಲಿ ಒಂದು ಪೋಸ್ಟ್‌ಗೆ 20 ಚಿತ್ರ ಹಾಕಬಹುದು, ಎಪಿಐ ಮೂಲಕ 10 ಮಾತ್ರ. ಸ್ಟೋರಿಗೆ ಲಿಂಕ್ ಸ್ಟಿಕ್ಕರ್, ಪೋಲ್ ಅಂಟಿಸಲು ಬರುವುದಿಲ್ಲ. ಅಂಥದ್ದಕ್ಕೆ ಈ ಟೂಲ್‌ಗಳು ನೋಟಿಫಿಕೇಶನ್ ಕಳಿಸುತ್ತವೆ, ಸಮಯಕ್ಕೆ ಫೋನ್ ಕೈಗೆತ್ತಿಕೊಂಡು ನೀವೇ ಒತ್ತಬೇಕು. ಹಿಟ್ಟಿನ ಕೈಯಲ್ಲಿ ಇದು ಆಗುವ ಕೆಲಸವಲ್ಲ.

ಇನ್ನೊಂದು, ಸಂಪರ್ಕ ಕಡಿದುಹೋಗುವುದು. ಫೇಸ್‌ಬುಕ್ ಪಾಸ್‌ವರ್ಡ್ ಬದಲಿಸಿದಿರಿ, ಪೇಜ್‌ನಲ್ಲಿ ನಿಮ್ಮ ಅಧಿಕಾರ ಬದಲಾಯಿತು, ಅಥವಾ ಟೂಲ್‌ಗೆ ಕೊಟ್ಟ ಅನುಮತಿಯ ಅವಧಿ ಮುಗಿಯಿತು ಎಂದರೆ ಸರದಿಯಲ್ಲಿದ್ದ ಪೋಸ್ಟ್‌ಗಳೆಲ್ಲ ‘ಫೇಲ್ಡ್’ ಆಗಿ ಕೂರುತ್ತವೆ. ಮತ್ತೆ ಕನೆಕ್ಟ್ ಮಾಡಿದ ಮಾತ್ರಕ್ಕೆ ಹಳೆಯವು ತಾವಾಗಿ ಹೊರಡುತ್ತವೆ ಎಂದು ನಂಬಬೇಡಿ, ಒಂದೊಂದಕ್ಕೂ ಹೊಸ ಸಮಯ ಕೊಡಿ. ಹಬ್ಬದ ತಿಂಗಳಲ್ಲಿ ಪಾಸ್‌ವರ್ಡ್ ಮುಟ್ಟಲೇಬೇಡಿ. ಬದಲಿಸುವುದಿದ್ದರೆ ಆಷಾಢದಲ್ಲೇ ಬದಲಿಸಿ.

ಅಕ್ಷರಜೋಡಣೆ

ಟೂಲ್‌ಗಿಂತ ಹೆಚ್ಚು ಪೋಸ್ಟ್ ಕೆಡುವುದು ಕನ್ನಡ ಅಕ್ಷರದಿಂದ. ಇದನ್ನು ಯಾರೂ ಹೇಳುವುದಿಲ್ಲ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಪ್ರೆಸ್‌ನವರಿಂದ ಕರಪತ್ರದ ಬರಹ ತರಿಸಿಕೊಂಡು ಕ್ಯಾಪ್ಶನ್‌ಗೆ ಅಂಟಿಸುತ್ತಾರೆ. ಅದು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿದ್ದರೆ ಫೇಸ್‌ಬುಕ್‌ನಲ್ಲಿ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರದ ಕಲಸುಮೇಲೋಗರ. ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಪರಿವರ್ತಿಸಿಯೇ ಅಂಟಿಸಬೇಕು. ಪರಿವರ್ತಿಸಿದ ಮೇಲೂ ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ಕಣ್ಣಿಟ್ಟು ಓದಿ. ಬೆಲೆ ತಪ್ಪಿ ಹೋದರೆ ಹೊಣೆ ನಿಮ್ಮದೇ.

ಚಿತ್ರದ ಮೇಲೆ ಕನ್ನಡ ಬರೆಯುವಾಗ ಕ್ಯಾನ್ವಾ ಎಂಬ ವಿನ್ಯಾಸದ ಆ್ಯಪ್‌ನಲ್ಲಿ ಕನ್ನಡಕ್ಕೆಂದೇ ಮಾಡಿದ ಫಾಂಟ್ ಆರಿಸಿ. ‘ನೋಟೊ ಸಾನ್ಸ್ ಕನ್ನಡ’ ಸಾದಾ ಬರಹಕ್ಕೆ, ‘ಬಾಲೂ ತಮ್ಮ’ ತಲೆಬರಹಕ್ಕೆ ಒಪ್ಪುತ್ತವೆ. ಇಂಗ್ಲಿಷ್ ಫಾಂಟ್ ಇಟ್ಟುಕೊಂಡೇ ಕನ್ನಡ ಟೈಪಿಸಿದರೆ ಅದು ಯಾವುದೋ ಬದಲಿ ಫಾಂಟ್ ಹಾಕುತ್ತದೆ, ಡೌನ್‌ಲೋಡ್ ಮಾಡಿದ ಮೇಲೆ ಬೇರೆಯೇ ರೂಪ ಬರಬಹುದು. ಸಾಲುಗಳ ನಡುವಿನ ಅಂತರ 1.4ಕ್ಕಿಂತ ಕಡಿಮೆ ಇಡಬೇಡಿ. ಇಂಗ್ಲಿಷ್‌ಗೆ ಸರಿಹೋಗುವ ಅಂತರದಲ್ಲಿ ನಮ್ಮ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ‘ಚಕ್ಕುಲಿ’, ‘ಹಪ್ಪಳ’, ‘ಪಟ್ಟಿ’, ನಿಮ್ಮ ವ್ಯಾಪಾರದ ಪದಗಳಲ್ಲೇ ಒತ್ತು ತುಂಬಿದೆ! ಫೋಟೊಶಾಪ್‌ನವರು ಟೈಪ್ ಮೆನುವಿನಲ್ಲಿ ವರ್ಲ್ಡ್ ರೆಡಿ ಲೇಔಟ್ ಆರಿಸಿಕೊಳ್ಳದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ಅರ್ಧಾಕ್ಷರಗಳ ಸಾಲಾಗುತ್ತದೆ.

ಅಳತೆ: ಇನ್‌ಸ್ಟಾಗ್ರಾಂ ಫೀಡ್‌ಗೆ 1080 ಅಗಲ, 1350 ಎತ್ತರ. 2025ರಿಂದ ಪ್ರೊಫೈಲ್ ಪುಟದ ಚೌಕಗಳು ಚೌಕವಾಗಿಲ್ಲ, 3:4 ಉದ್ದ ಚಿತ್ರಗಳಾಗಿವೆ. ಹಾಗಾಗಿ 1080×1350 ಚಿತ್ರದ ಎಡಬಲ ಸುಮಾರು 34 ಪಿಕ್ಸೆಲ್ ಅಲ್ಲಿ ಕತ್ತರಿಸಿಹೋಗುತ್ತದೆ. ರೀಲ್ಸ್‌ನ 1080×1920 ಮುಖಚಿತ್ರದಲ್ಲಾದರೆ ಮೇಲೆ 240, ಕೆಳಗೆ 240. ಬೆಲೆ, ಅಂಗಡಿ ಹೆಸರು ಅಂಚಿಗೆ ಒತ್ತಿ ಬರೆಯಬೇಡಿ.

ಕ್ಯಾಪ್ಶನ್‌ನ ಮಿತಿ 2,200 ಅಕ್ಷರ. ಆದರೆ ಅಕ್ಷರ ಎಣಿಸುವುದು ನಾವು ಎಣಿಸುವ ಹಾಗಲ್ಲ. ‘ಚಕ್ಕುಲಿ’ ನಮಗೆ 3 ಅಕ್ಷರ, ಯಂತ್ರಕ್ಕೆ 7, ಯಾಕೆಂದರೆ ಅರ್ಧಾಕ್ಷರ ಮಾಡುವ ವಿರಾಮ ಚಿಹ್ನೆ, ಒತ್ತು, ಗುಣಿತದ ಚಿಹ್ನೆ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ‘ಸ್ತ್ರೀ’ ಒಂದಕ್ಕೇ 6. ಇನ್‌ಸ್ಟಾಗ್ರಾಂ ‘ಮೋರ್’ ಎಂದು ಮಡಚುವ ಮೊದಲು ಕಾಣುವುದು ಸುಮಾರು 125, ಕನ್ನಡದಲ್ಲಿ 14-15 ಪದ ಆಯಿತು. ‘ಎಲ್ಲರಿಗೂ ನಮಸ್ಕಾರ, ನಮ್ಮ ಗ್ರಾಹಕ ಬಂಧುಗಳಿಗೆ ಹಬ್ಬದ ಹಾರ್ದಿಕ ಶುಭಾಶಯಗಳು’ ಎಂದು ಶುರು ಮಾಡಿದರೆ ಆ ಜಾಗದ ಅರ್ಧ ಅಲ್ಲೇ ಮುಗಿಯಿತು. ಮೊದಲ ಸಾಲಿನಲ್ಲಿ ಏನು, ಎಷ್ಟು, ಯಾವಾಗಿನವರೆಗೆ ಇರಲಿ: ‘ಬೆಣ್ಣೆ ಚಕ್ಕುಲಿ, ಕಾಲು ಕೆಜಿ ಇಷ್ಟು ರೂಪಾಯಿ, ಆರ್ಡರ್ ಸೆಪ್ಟೆಂಬರ್ 7ರವರೆಗೆ.’

ಹುಬ್ಬಳ್ಳಿ_ಮಂದಿ

ಬೆಲಿ ಹಾಕ್ರಿ ಅಂದದ್ದು ಛಲೋ ಆತು ನೋಡ್ರಿ. ‘ಬೆಲೆಗೆ ಇನ್‌ಬಾಕ್ಸ್ ಮಾಡಿ’ ಅಂತ ಬರದ ಪೋಸ್ಟ್ ಶೆಡ್ಯೂಲ್ ಮಾಡಿ ನೀವು ಒಲಿ ಮುಂದ ಹೋಗ್ತೀರಿ. ಕೇಳಿದವರಿಗೆ ನಾಲ್ಕು ತಾಸಿಗೆ ಉತ್ತರ. ಅಷ್ಟೊತ್ತಿಗೆ ಅವರು ಬ್ಯಾರೆ ಕಡೆ ತಗೊಂಡು ತಿಂದೂ ಮುಗಿಸಿರ್ತಾರ.

ರೀಚ್ ಮಾತಿಗೆ ಬಂದ್ರ, ಶೆಡ್ಯೂಲ್ ಮಾಡಿದ್ದಕ್ಕ ಕಡಿಮಿ ತೋರಸ್ತಾರ ಅನ್ನೂದು ಸುಳ್ಳು. ಸರ್ವರ್ ತಾನ ಒತ್ತಿದ್ರೂ ಅಷ್ಟ, ನೀವು ಬೆರಳಿಂದ ಒತ್ತಿದ್ರೂ ಅಷ್ಟ. ಖರೆ ಏನಂದ್ರ, ಪೋಸ್ಟ್ ಹೋದ ಮೊದಲನೇ ತಾಸಿನಾಗ ಕಮೆಂಟ್‌ಗೆ ಉತ್ತರ ಕೊಡೋರು ಯಾರೂ ಇರಂಗಿಲ್ಲ, ಮಾತುಕತಿ ಬೆಳೆಯಂಗಿಲ್ಲ. ಅದಕ್ಕ ಟೈಮ್ ಆರಿಸೋವಾಗ ಮಂದಿ ಯಾವಾಗ ಆನ್‌ಲೈನ್ ಇರ್ತಾರ ಅನ್ನೂದರ ಜೋಡಿ ನೀವು ಯಾವಾಗ ಕೈ ತೊಳಕೊಂಡು ಕುಂತಿರ್ತೀರಿ ಅನ್ನೂದನ್ನೂ ನೋಡ್ರಿ. ಬಿಸಿನೆಸ್ ಸೂಟ್‌ನಾಗ ಟೈಮ್ ಹಾಕೋ ಕಡೆ ಆ್ಯಕ್ಟಿವ್ ಟೈಮ್ಸ್ ಅಂತ ಐತಿ, ಅದು ಮಧ್ಯಾಹ್ನ 1 ಗಂಟೆ ಅಂತ ತೋರಿಸಿದ್ರೂ ಅವಾಗ ನೀವು ಕರಿಯಾಕತ್ತಿದ್ರ ಬ್ಯಾಡ.

ಪ್ಲ್ಯಾನರ್_ಪಟ್ಟಿ

ಇದನ್ನು ಒಪ್ಪುತ್ತೇನೆ. ಜೊತೆಗೆ ಬಿಸಿನೆಸ್ ಸೂಟ್‌ನ ಇನ್‌ಬಾಕ್ಸ್‌ನಲ್ಲಿ ಆಟೊಮೇಶನ್ಸ್ ಇದೆ, ಮೊದಲ ಸಲ ಸಂದೇಶ ಕಳಿಸಿದವರಿಗೆ ತಕ್ಷಣ ಹೋಗುವ ಉತ್ತರ ಬರೆದಿಡಿ. ಅದರಲ್ಲಿ ಬೆಲೆಪಟ್ಟಿ, ಕೊರಿಯರ್ ದಿನ, ‘ಸಂಜೆ 7ರಿಂದ 9 ಉತ್ತರಿಸುತ್ತೇವೆ’ ಎಂಬ ಒಂದು ಸಾಲು. ‘ನಿಮ್ಮ ಸಂದೇಶ ನಮಗೆ ಅಮೂಲ್ಯ’ ಎಂಬ ಸಾಲಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಕರಾವಳಿ_ಡಬ್ಬಿ

ವಾಟ್ಸ್ಯಾಪ್ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ವಾಟ್ಸ್ಯಾಪ್ ಸ್ಟೇಟಸ್ ಅನ್ನು ಬಿಸಿನೆಸ್ ಸೂಟ್ ಪ್ಲ್ಯಾನರ್‌ನಿಂದ ಹಾಕಿಡುವ ಭರವಸೆ ಇಟ್ಟುಕೊಳ್ಳಬೇಡಿ. ಫೋನ್ ಗ್ಯಾಲರಿಯಲ್ಲಿ ‘ಚೌತಿ ಸ್ಟೇಟಸ್’ ಎಂದು ಒಂದು ಆಲ್ಬಮ್ ಮಾಡಿ, ಚಿತ್ರಗಳನ್ನು ದಿನದ ಕ್ರಮದಲ್ಲಿ ಜೋಡಿಸಿಟ್ಟು, ಬೆಳಿಗ್ಗೆ 7ಕ್ಕೆ ಅಲಾರಾಂ ಇಡಿ. ಹಾಕಲು ಅರ್ಧ ನಿಮಿಷ. ಸ್ಟೇಟಸ್ ಬಾಳುವುದು 24 ಗಂಟೆ, ಆದ್ದರಿಂದ ದಿನಾ ಒಂದೇ ಹೊತ್ತಿಗೆ ಹಾಕಿದರೆ ನಡುವೆ ಖಾಲಿ ಬೀಳುವುದಿಲ್ಲ.

ಸ್ಟೇಟಸ್ ತಾನಾಗಿ ಹಾಕುತ್ತೇವೆ, ಸಾವಿರ ಜನಕ್ಕೆ ಸಂದೇಶ ತಾನಾಗಿ ಕಳಿಸುತ್ತೇವೆ ಅನ್ನುವ ಆ್ಯಪ್‌ಗಳು ಬಹಳ ಇವೆ. ಅವು ಕೇಳುವುದು ಆ್ಯಕ್ಸೆಸಿಬಿಲಿಟಿ ಅನುಮತಿ. ಅದನ್ನು ಕೊಟ್ಟರೆ ನಿಮ್ಮ ಪರದೆಯ ಮೇಲೆ ಬರುವುದನ್ನೆಲ್ಲ ಅದು ಓದಬಲ್ಲದು, ಬ್ಯಾಂಕ್ ಒಟಿಪಿಯನ್ನೂ ಸೇರಿಸಿ. ಸಾಲದ್ದಕ್ಕೆ ಫೋನ್ ಲಾಕ್ ಆಗಿದ್ದರೆ ಅಥವಾ ಬ್ಯಾಟರಿ ಉಳಿತಾಯ ಆನ್ ಇದ್ದರೆ ಕೆಲಸವೇ ಮಾಡುವುದಿಲ್ಲ. ನಂಬರ್ ಬ್ಯಾನ್ ಆದರೆ ಹಬ್ಬದ ವಾರದಲ್ಲಿ ಆರ್ಡರ್ ಪುಸ್ತಕವೇ ಹೋದ ಹಾಗೆ.

ಅಧಿಕೃತವಾಗಿ ಇರುವುದು ಇಷ್ಟು: ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನ, ಅದರಲ್ಲೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಡಬ್ಬಿಯ ಮುಚ್ಚಳದ ಮೇಲೆ ‘ನಂಬರ್ ಸೇವ್ ಮಾಡಿಕೊಳ್ಳಿ’ ಎಂದು ಅಂಟಿಸುವುದು ಇದಕ್ಕೇ. ಕ್ಯಾಟಲಾಗ್‌ನಲ್ಲಿ ತಿಂಡಿಗಳನ್ನು ಬೆಲೆಸಹಿತ ಹಾಕಿ, ಕ್ವಿಕ್ ರಿಪ್ಲೈಗಳನ್ನು ಮೊದಲೇ ಬರೆದಿಡಿ. ‘ಅವೇ ಮೆಸೇಜ್’ಗೆ, ಅಂದರೆ ನೀವಿಲ್ಲದಾಗ ತಾನಾಗಿ ಹೋಗುವ ಉತ್ತರಕ್ಕೆ, ಸಮಯ ಹೊಂದಿಸಬಹುದು, ಬಾಣಲೆಯ ಹೊತ್ತಿಗೆ ಅದನ್ನು ಇಟ್ಟುಕೊಳ್ಳಿ. ಸಾವಿರಾರು ಜನಕ್ಕೆ ನಿಗದಿತ ಹೊತ್ತಿಗೆ ಕಳಿಸಬೇಕೆಂದರೆ ವಾಟ್ಸ್ಯಾಪ್ ಬಿಸಿನೆಸ್ ಪ್ಲಾಟ್‌ಫಾರ್ಮ್ ಬೇಕು. ಅಲ್ಲಿ ಟೆಂಪ್ಲೇಟ್‌ಗೆ (ಸಂದೇಶದ ನಮೂನೆಗೆ) ಮುಂಚೆಯೇ ಒಪ್ಪಿಗೆ ಪಡೆಯಬೇಕು, 2025ರ ಜುಲೈಯಿಂದ ಶುಲ್ಕ ಸಂದೇಶದ ಲೆಕ್ಕದಲ್ಲಿ. ಇಬ್ಬರ ವ್ಯಾಪಾರಕ್ಕೆ ಅದು ಆನೆ ಸಾಕಿದ ಹಾಗೆ.

ಲೆಕ್ಕದ_ಪುಸ್ತಕ

ಪೋಸ್ಟ್‌ನ ತಾರೀಖು ಹಬ್ಬದಿಂದ ಹಿಂದಕ್ಕೆ ಎಣಿಸಿ, ಈ ದಿನದಿಂದ ಮುಂದಕ್ಕಲ್ಲ. ತಯಾರಿಕೆಯ ಲೆಕ್ಕ ಮೊದಲು, ಪೋಸ್ಟ್ ಆಮೇಲೆ.

ಹಪ್ಪಳ, ಸಂಡಿಗೆ ಬೇಸಿಗೆಯಲ್ಲೇ ಒಣಗಿ ಡಬ್ಬಿ ಸೇರಿವೆ. ಮಳೆಗಾಲದಲ್ಲಿ ಹೊಸದಾಗಿ ಒಣಗಿಸುವುದು ಕಷ್ಟ. ಹಲಸಿನ ಹಪ್ಪಳ ಇನ್ನು ಮುಂದಿನ ಹಲಸಿನ ಕಾಲಕ್ಕೇ. ಇರುವ ದಾಸ್ತಾನು ಎಷ್ಟೋ ಅಷ್ಟೇ, ಆದ್ದರಿಂದ ಅವುಗಳ ಪೋಸ್ಟ್‌ನಲ್ಲಿ ಸಂಖ್ಯೆ ಬರೆಯಿರಿ. ಚಕ್ಕುಲಿ ಹಾಗಲ್ಲ. ಅದು ಕರಿದ ತಿಂಡಿ, ಹೆಚ್ಚು ದಿನ ಇಟ್ಟರೆ ಎಣ್ಣೆ ಕಮಟು ವಾಸನೆ ಬರುತ್ತದೆ. ಜುಲೈಯಲ್ಲಿ ಚಕ್ಕುಲಿಯ ಹಬ್ಬದ ಜಾಹೀರಾತು ಹಾಕಿ ಪ್ರಯೋಜನವಿಲ್ಲ.

ಇಬ್ಬರು ದಿನಕ್ಕೆ 8 ಕೆಜಿ ಚಕ್ಕುಲಿ ಮಾಡುತ್ತೀರಿ ಅಂದುಕೊಳ್ಳಿ. ಕಾಲು ಕೆಜಿ ಪೊಟ್ಟಣ 32. ಹತ್ತು ದಿನಕ್ಕೆ 320. ಸೆಪ್ಟೆಂಬರ್ 14 ಸೋಮವಾರ ಹಬ್ಬ, 13 ಭಾನುವಾರ, ಕೊರಿಯರ್‌ಗೆ ರಾಜ್ಯದೊಳಗೆ 3-4 ದಿನ ಹಿಡಿಯಿರಿ. ಕೊನೆಯ ರವಾನೆ 9ಕ್ಕೆ, ಕೊನೆಯ ಆರ್ಡರ್ 7ಕ್ಕೆ. ಇದರ ಮೇಲೆ ಪೋಸ್ಟ್:

ಆಗಸ್ಟ್ 24 ಸೋಮವಾರ, ಪೂರ್ತಿ ಬೆಲೆಪಟ್ಟಿ, ಆರ್ಡರ್ ಶುರು.
ಆಗಸ್ಟ್ 28 ಶುಕ್ರವಾರ, ಚಕ್ಕುಲಿ ಒರಳಿನಿಂದ ಸುರುಳಿ ಬೀಳುವ ರೀಲ್, 20-30 ಸೆಕೆಂಡ್.
ಸೆಪ್ಟೆಂಬರ್ 2 ಬುಧವಾರ, ಪ್ಯಾಕಿಂಗ್: ಒಡೆಯದ ಹಾಗೆ ಡಬ್ಬಿ ಹೇಗೆ ತುಂಬುತ್ತೀರಿ. ದೂರದವರು ಹೆದರುವುದು ಇದಕ್ಕೇ.
ಸೆಪ್ಟೆಂಬರ್ 5 ಶನಿವಾರ, ಎರಡು ದಿನ ಬಾಕಿ.
ಸೆಪ್ಟೆಂಬರ್ 7 ಬೆಳಿಗ್ಗೆ ಕೊನೆಯ ದಿನ, ರಾತ್ರಿ 9ಕ್ಕೆ ‘ಚೌತಿ ಆರ್ಡರ್ ಮುಗಿಯಿತು’.
ಸೆಪ್ಟೆಂಬರ್ 14, ಬರೀ ಶುಭಾಶಯ. ಬೆಲೆ, ನಂಬರ್ ಏನೂ ಬೇಡ.

‘ಮುಗಿಯಿತು’ ಪೋಸ್ಟನ್ನು ಎಲ್ಲರೂ ಮರೆಯುತ್ತಾರೆ. ಅದಿಲ್ಲದಿದ್ದರೆ 12ನೇ ತಾರೀಖಿನವರೆಗೂ ಫೋನ್ ಬರುತ್ತಲೇ ಇರುತ್ತದೆ, ಇಲ್ಲ ಅನ್ನುವುದಕ್ಕೇ ಒಬ್ಬರು ಬೇಕಾಗುತ್ತದೆ.

320ರಲ್ಲಿ 250 ಬುಕ್ ಆದ ತಕ್ಷಣ ಪ್ಲ್ಯಾನರ್ ತೆರೆದು ಉಳಿದ ಚಕ್ಕುಲಿ ಪೋಸ್ಟ್‌ಗಳನ್ನು ಡ್ರಾಫ್ಟ್‌ಗೆ ಹಾಕಿ, ಆ ಜಾಗಕ್ಕೆ ಚಟ್ನಿಪುಡಿ ತನ್ನಿ. ಪೋಸ್ಟ್‌ಗೆ ನಿಮ್ಮ ಸ್ಟಾಕ್ ಗೊತ್ತಿಲ್ಲ, ಅದು ಹೇಳಿದ ಹೊತ್ತಿಗೆ ಹೊರಡುತ್ತದೆ ಅಷ್ಟೆ.

ಕಟ್ಟೆಪುರಾಣ

ಕಳೆದ ವರ್ಷದ ಪಟ್ಟಿಯನ್ನೇ ಕಾಪಿ ಮಾಡಿ ಇಸವಿ ಬದಲಿಸಿದರೆ ಸಾಲದೇ?

ಲೆಕ್ಕದ_ಪುಸ್ತಕ

ಸಾಲದು. 2025ರಲ್ಲಿ ಚೌತಿ ಆಗಸ್ಟ್ 27ಕ್ಕಿತ್ತು, 2026ರಲ್ಲಿ ಸೆಪ್ಟೆಂಬರ್ 14ಕ್ಕೆ. 18 ದಿನ ಹೆಚ್ಚುಕಡಿಮೆ. ಈ ಸಲ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಬಂದದ್ದರಿಂದ ಮುಂದಿನ ಹಬ್ಬಗಳೆಲ್ಲ ತಡವಾಗಿ ಬರುತ್ತವೆ, ಶ್ರಾವಣವೇ ಆಗಸ್ಟ್ 13ಕ್ಕೆ ಹಿಡಿಯುತ್ತದೆ. ಹಳೆಯ ಪಟ್ಟಿ ಹಾಕಿದರೆ ಆಷಾಢದಲ್ಲಿ ಶ್ರಾವಣದ ಶುಭಾಶಯ ಹೋಗುತ್ತದೆ. ತಾರೀಖು ಬದಲಾಗದೆ ಉಳಿಯುವುದು ನವೆಂಬರ್ 1ರ ರಾಜ್ಯೋತ್ಸವದಂಥವು ಮಾತ್ರ. ಹಾಳೆಯಲ್ಲಿ ತಾರೀಖಿನ ಬದಲು ‘ಚೌತಿಗೆ 21 ದಿನ ಮೊದಲು’, ‘7 ದಿನ ಮೊದಲು’ ಎಂದು ಬರೆದಿಟ್ಟರೆ ಅದನ್ನು ಪ್ರತಿ ವರ್ಷ ಬಳಸಬಹುದು. ನಿಮ್ಮೂರಿನ ಪಂಚಾಂಗ ನೋಡಿ ಒಂದೇ ಮನೆಯಲ್ಲಿ ಹಬ್ಬದ ದಿನ ತುಂಬಿ.

ಅಕ್ಷರಜೋಡಣೆ

ಹಾಳೆಯ ವಿಷಯ ಬಂತಲ್ಲ. ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿ ಯಾವುದಾದರೂ ಟೂಲ್‌ಗೆ ಒಟ್ಟಿಗೆ ಏರಿಸುವವರು ಸೇವ್ ಮಾಡುವಾಗ ‘ಸಿಎಸ್‌ವಿ ಯುಟಿಎಫ್-8’ ಎಂಬುದನ್ನೇ ಆರಿಸಿ. ಸಾದಾ ಸಿಎಸ್‌ವಿ ಮಾಡಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗಿ ಬಿಡುತ್ತದೆ, ವಾಪಸ್ ಬರುವುದಿಲ್ಲ. ತಾರೀಖಿನ ಕ್ರಮವನ್ನೂ ನೋಡಿ. ಅಮೆರಿಕದ ಟೂಲ್‌ಗೆ ತಿಂಗಳು ಮೊದಲು. 8/11 ಎಂದು ಬರೆದರೆ ನಿಮಗೆ ನವೆಂಬರ್ 8, ಅದಕ್ಕೆ ಆಗಸ್ಟ್ 11. ದಿನ 12 ದಾಟಿದ ಸಾಲುಗಳು ತಪ್ಪು ಎಂದು ತಾವೇ ಕೂಗುತ್ತವೆ, 12ರೊಳಗಿನವು ಸದ್ದಿಲ್ಲದೆ ಒಳಗೆ ಹೋಗುತ್ತವೆ. ಏರಿಸಿದ ಮೇಲೆ ಕ್ಯಾಲೆಂಡರ್ ನೋಟದಲ್ಲಿ ಒಮ್ಮೆ ನೋಡಿ.

ಕ್ಯೂ_ಕಾವಲು

ಎಲ್ಲರೂ ಪೋಸ್ಟ್ ಹೋಗುವುದನ್ನೇ ಮಾತಾಡುತ್ತಿದ್ದೀರಿ. ನಿಲ್ಲಿಸುವುದು ಗೊತ್ತಿರಬೇಕು.

2021ರ ಅಕ್ಟೋಬರ್ 29, ಶುಕ್ರವಾರ. ಪುನೀತ್ ರಾಜ್‌ಕುಮಾರ್ ತೀರಿಕೊಂಡ ದಿನ. ರಾಜ್ಯೋತ್ಸವಕ್ಕೆ ಮೂರು ದಿನ, ದೀಪಾವಳಿಗೆ ಆರು ದಿನ ಇತ್ತು, ವ್ಯಾಪಾರಿಗಳ ಸರದಿಯಲ್ಲಿ ಆಫರ್ ಪೋಸ್ಟ್ ತುಂಬಿರುವ ಹೊತ್ತು. ಅಂಥ ದಿನ ‘ಧಮಾಕಾ’ ಎಂದು ಪಟಾಕಿ ಚಿತ್ರ ಹೊರಬಿದ್ದರೆ ಜನ ಕ್ಷಮಿಸುವುದಿಲ್ಲ, ಅದು ಯಂತ್ರ ಹಾಕಿದ್ದು ಎಂದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದೂ ಇಲ್ಲ. 2023ರ ಸೆಪ್ಟೆಂಬರ್ 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್, ಎರಡೂ ಕಾವೇರಿಗಾಗಿ. ಆ ದಿನ ‘ಇಂದೇ ಡೆಲಿವರಿ’ ಎಂಬ ಪೋಸ್ಟ್ ಹೋದರೆ ಅದು ಸುಳ್ಳು ಮಾತು.

ಬಫರ್‌ನಲ್ಲಿ ಸರದಿಯನ್ನೇ ತಾತ್ಕಾಲಿಕವಾಗಿ ತಡೆದು ನಿಲ್ಲಿಸುವ ಗುಂಡಿ ಇದೆ, ಒಂದೊಂದು ಖಾತೆಗೆ ಒಂದು ಸಲ ಒತ್ತಿದರೆ ಮುಗಿಯಿತು. ಬಿಸಿನೆಸ್ ಸೂಟ್‌ನಲ್ಲಿ ಆ ದಿನದ ಪೋಸ್ಟ್ ತೆರೆದು ಮೂರು ಚುಕ್ಕೆ ಒತ್ತಿ ಡ್ರಾಫ್ಟ್‌ಗೆ ಹಾಕಬೇಕು ಅಥವಾ ದಿನ ಬದಲಿಸಬೇಕು, ಒಂದೊಂದಾಗಿ. ಫೋನ್‌ನ ಬಿಸಿನೆಸ್ ಸೂಟ್ ಆ್ಯಪ್‌ನಲ್ಲೂ ಆಗುತ್ತದೆ. ಆದ್ದರಿಂದ ಇಬ್ಬರ ಫೋನ್‌ನಲ್ಲೂ ಅದು ಲಾಗಿನ್ ಆಗಿರಲಿ, ಪೇಜ್‌ಗೆ ಇಬ್ಬರಿಗೂ ಪೂರ್ತಿ ಅಧಿಕಾರ ಇರಲಿ, ಇಬ್ಬರೂ ಟೂ ಫ್ಯಾಕ್ಟರ್ (ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡ್ ಕೇಳುವ ಭದ್ರತೆ) ಹಾಕಿಕೊಳ್ಳಿ. ಬೆಳಿಗ್ಗೆ ಸುದ್ದಿ ನೋಡಿದ ಮೇಲೆ ಆ ದಿನದ ಪೋಸ್ಟ್ ಒಮ್ಮೆ ನೋಡುವ ಕೆಲಸ ಒಬ್ಬರಿಗೆ ವಹಿಸಿ, ಎರಡು ನಿಮಿಷದ್ದು. ಈ ಕಾರಣಕ್ಕೇ ಬೆಳಿಗ್ಗೆ 6ಕ್ಕೆ ಪೋಸ್ಟ್ ಇಡುವುದನ್ನು ನಾನು ಒಪ್ಪುವುದಿಲ್ಲ. 9ರ ನಂತರ ಇಡಿ.

ಇನ್ನೊಂದು ಸಂಗತಿ. 2021ರ ಅಕ್ಟೋಬರ್ 4, 2024ರ ಮಾರ್ಚ್ 5, ಎರಡು ಸಲ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಗತ್ತಿನಾದ್ಯಂತ ಬಿದ್ದವು. ಎರಡೂ ಸಲ ನಮ್ಮಲ್ಲಿ ರಾತ್ರಿ 9ರ ಆಸುಪಾಸು. ಅಂಥ ಹೊತ್ತಿನಲ್ಲಿ ಪೋಸ್ಟ್ ಕಾಣಲಿಲ್ಲ ಎಂದು ಕೈಯಿಂದ ಮತ್ತೊಮ್ಮೆ ಹಾಕಬೇಡಿ. ಸರ್ವರ್ ಎದ್ದ ಮೇಲೆ ಮೊದಲಿನದೂ ಹೊರಬಿದ್ದು ಒಂದೇ ಚಿತ್ರ ಎರಡು ಸಲ ಕೂರಬಹುದು. ಎಲ್ಲ ಸರಿಹೋದ ಮೇಲೆ ಪ್ಲ್ಯಾನರ್‌ನಲ್ಲಿ ಅದರ ಸ್ಥಿತಿ ನೋಡಿ, ಫೇಲ್ ಆಗಿದ್ದರೆ ಮಾತ್ರ ಮತ್ತೆ ಹಾಕಿ.

ಸಂಡಿಗೆ_ಸಾಗರ

ಬಹಳ ಉಪಕಾರವಾಯಿತು. ಮೂರು ಸಣ್ಣ ಪ್ರಶ್ನೆ ಉಳಿದವು. ಚಕ್ಕುಲಿ ರೀಲ್‌ಗೆ ಸಿನಿಮಾ ಹಾಡು ಹಾಕಿ ಶೆಡ್ಯೂಲ್ ಮಾಡಬಹುದಾ? ಯಾವ ಪೋಸ್ಟ್‌ನಿಂದ ಆರ್ಡರ್ ಬಂತು ಎಂದು ಹೇಗೆ ತಿಳಿಯುವುದು? ಅಮೆರಿಕದಲ್ಲಿರುವವರು ಇಲ್ಲಿನ ತಂದೆ-ತಾಯಿಗೆ ಆರ್ಡರ್ ಮಾಡುತ್ತಾರೆ, ಅವರಿಗೆ ಯಾವ ಹೊತ್ತು?

ಪ್ಲ್ಯಾನರ್_ಪಟ್ಟಿ

ಹಾಡು ಬೇಡ. ಬಿಸಿನೆಸ್ ಖಾತೆಗೆ ಸಿನಿಮಾ ಹಾಡುಗಳ ಪೂರ್ತಿ ಸಂಗ್ರಹ ಸಿಗುವುದಿಲ್ಲ. ಖಾತೆಯನ್ನು ಕ್ರಿಯೇಟರ್ ಮಾಡಿಕೊಂಡರೆ ಹಾಡು ಕಾಣಿಸುತ್ತದೆ ನಿಜ, ಆದರೆ ವ್ಯಾಪಾರಕ್ಕೆ ಬಳಸುವ ಹಕ್ಕು ಅದರಿಂದ ಬರುವುದಿಲ್ಲ. ಎಡಿಟಿಂಗ್ ಆ್ಯಪ್‌ನಲ್ಲಿ ಹಾಡನ್ನು ವಿಡಿಯೊದೊಳಗೇ ಸೇರಿಸಿ ಹಾಕಿಟ್ಟರೆ ಕಾಪಿರೈಟ್ ಪತ್ತೆಯಾಗಿ ಧ್ವನಿ ಬಂದ್ ಆಗಬಹುದು, ಶೆಡ್ಯೂಲ್ ಆಗಿದ್ದರಿಂದ ನಿಮಗೆ ಅದು ಗೊತ್ತಾಗುವುದು ಸಂಜೆಗೆ. ಮೆಟಾ ಸೌಂಡ್ ಕಲೆಕ್ಷನ್‌ನಲ್ಲಿ ವ್ಯಾಪಾರಕ್ಕೆ ಬಳಸಬಹುದಾದ ಸಂಗೀತ ಇದೆ. ನನ್ನನ್ನು ಕೇಳಿದರೆ ಚಕ್ಕುಲಿಗೆ ಸಂಗೀತವೇ ಬೇಕಿಲ್ಲ, ಎಣ್ಣೆಯ ಚುಂಯ್ ಸದ್ದೇ ಸಾಕು. ಫ್ಯಾನ್ ಆರಿಸಿ ಫೋನನ್ನು ಬಾಣಲೆಯಿಂದ ಎರಡಡಿ ದೂರ ಇಟ್ಟು ರೆಕಾರ್ಡ್ ಮಾಡಿ, ಮುರಿಯುವ ಕಟಕಟ ಸದ್ದನ್ನು ಬೇರೆಯಾಗಿ ಹಿಡಿದು ಕೊನೆಗೆ ಸೇರಿಸಿ.

ಲೆಕ್ಕದ_ಪುಸ್ತಕ

ಆರ್ಡರ್ ಮೂಲಕ್ಕೆ: ವಾಟ್ಸ್ಯಾಪ್‌ನ ನೇರ ಲಿಂಕ್‌ಗೆ ಮುಂಚೆಯೇ ತುಂಬಿದ ಸಂದೇಶ ಸೇರಿಸಬಹುದು. ನಂಬರಿಗೆ 91 ಮೊದಲು, ಕೂಡಿಸುವ ಚಿಹ್ನೆ, ಶುರುವಿನ ಸೊನ್ನೆ, ಖಾಲಿ ಜಾಗ ಇರಬಾರದು. ಫೇಸ್‌ಬುಕ್‌ನ ಪ್ರತಿ ಪೋಸ್ಟ್‌ಗೆ ಬೇರೆ ಬೇರೆ ಸಂಕೇತ ಕೊಡಿ, ಒಂದು ಇಂಗ್ಲಿಷ್ ಅಕ್ಷರ, ಒಂದು ಅಂಕಿ ಸಾಕು. ಕನ್ನಡದಲ್ಲಿ ತುಂಬಿದರೆ ಲಿಂಕ್ ಉದ್ದವಾಗಿ ನೋಡಲು ಗಾಬರಿ ಹುಟ್ಟಿಸುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಲಿಂಕ್ ಇಲ್ಲದ್ದರಿಂದ ಚಿತ್ರದ ಮೇಲೇ ‘ಚೌತಿ 2 ಎಂದು ಬರೆದು ಕಳಿಸಿ’ ಎಂದು ಹಾಕಿ. ಬಂದ ಸಂದೇಶಗಳಿಗೆ ವಾಟ್ಸ್ಯಾಪ್ ಬಿಸಿನೆಸ್‌ನ ಲೇಬಲ್ ಹಚ್ಚಿ, ಹಬ್ಬ ಮುಗಿದ ಮೇಲೆ ಎಣಿಸಿ. ಲೈಕ್ ಎಣಿಸುವುದಕ್ಕಿಂತ ಇದು ನೂರು ಪಾಲು ಮೇಲು. ಹೆಚ್ಚು ಲೈಕ್ ಬಂದ ರೀಲ್‌ನಿಂದ ಒಂದೂ ಆರ್ಡರ್ ಬಾರದೆ, ಸಪ್ಪೆ ಬೆಲೆಪಟ್ಟಿಯಿಂದ ಅರ್ಧ ವ್ಯಾಪಾರ ಆಗುವುದು ಹೊಸದೇನಲ್ಲ.

ಕರಾವಳಿ_ಡಬ್ಬಿ

ಗೂಗಲ್ ಬಿಸಿನೆಸ್ ಪ್ರೊಫೈಲ್‌ಗೂ ಇದೇ ಪೋಸ್ಟ್ ಹಾಕುವುದಿದ್ದರೆ ಬರಹದಿಂದ ಫೋನ್ ನಂಬರ್ ತೆಗೆಯಿರಿ. ಪೋಸ್ಟ್ ಬರಹದಲ್ಲಿ ನಂಬರ್ ಇದ್ದರೆ ಗೂಗಲ್ ತಿರಸ್ಕರಿಸಬಹುದು. ಅದಕ್ಕೆ ಕಾಲ್ ಬಟನ್ ಬೇರೆಯೇ ಇದೆ.

ಕ್ಯೂ_ಕಾವಲು

ಅಮೆರಿಕದ ಹೊತ್ತು: ನಮ್ಮ ರಾತ್ರಿ 9 ಗಂಟೆ ಅಂದರೆ ಅಕ್ಟೋಬರ್ ಕೊನೆಯವರೆಗೆ ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ 8:30, ನ್ಯೂಜೆರ್ಸಿಯಲ್ಲಿ 11:30. ಊರಿನವರಿಗೆ ಊಟ ಮುಗಿದ ಹೊತ್ತು, ಅವರಿಗೆ ಕಾಫಿ ಹೊತ್ತು, ಒಂದೇ ಪೋಸ್ಟ್ ಎರಡಕ್ಕೂ ಆಗುತ್ತದೆ. ಆದರೆ ಅಲ್ಲಿ ನವೆಂಬರ್ 1ರ ಭಾನುವಾರ, ನಮ್ಮ ರಾಜ್ಯೋತ್ಸವದ ದಿನವೇ, ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆಮೇಲೆ ನಮ್ಮ 9 ಅವರ 7:30 ಮತ್ತು 10:30. ದೀಪಾವಳಿ ವಾರದ ಪೋಸ್ಟ್‌ಗಳನ್ನು ರಾತ್ರಿ 10ಕ್ಕೆ ಸರಿಸಿದರೆ ಮೊದಲಿನ ಹೊತ್ತೇ ಸಿಗುತ್ತದೆ. ದುಬೈಯವರು ನಮಗಿಂತ ಒಂದೂವರೆ ಗಂಟೆ ಹಿಂದೆ, ಅವರಿಗಾಗಿ ಏನೂ ಬದಲಿಸಬೇಕಿಲ್ಲ.

ಹುಬ್ಬಳ್ಳಿ_ಮಂದಿ

ರಾತ್ರಿ 10ಕ್ಕ ಹಾಕಿದ್ರ ಉತ್ತರ ಕೊಡೋರು ಯಾರ್ರೀ? ಇಡೀ ದಿನ ಕರದವರು ಮಲಗಬೇಕಲ್ಲ.

ಕ್ಯೂ_ಕಾವಲು

ಹಾಗಾದರೆ 9ಕ್ಕೇ ಇರಲಿ, 9ರಿಂದ 9:30 ಒಬ್ಬರು ಫೋನ್ ಹಿಡಿದು ಕೂರಿ. ಕ್ಯಾಲಿಫೋರ್ನಿಯಾದವರು ಅರ್ಧ ನಿದ್ದೆಯಲ್ಲಿ ನೋಡುತ್ತಾರೆ, ಇನ್‌ಬಾಕ್ಸ್‌ನ ತಕ್ಷಣದ ಉತ್ತರದಲ್ಲಿ ಬೆಲೆಪಟ್ಟಿಯೂ ‘ಡೆಲಿವರಿ ಭಾರತದೊಳಗೆ ಮಾತ್ರ’ ಎಂಬ ಸಾಲೂ ಇದ್ದರೆ ಆಯಿತು.